ಹಗಲು ದುಡಿಮೆ, ರಾತ್ರಿ ಖರ್ಚು: ಪಾಚಿಯ ಸಕ್ಕರೆ ಲೆಕ್ಕ ಮತ್ತು ತೈಲ ಕಂಪನಿಯ ಭರವಸೆ

2025ರ ಹೊತ್ತಿಗೆ ಪಾಚಿಯಿಂದ ದಿನಕ್ಕೆ 10,000 ಬ್ಯಾರೆಲ್ ಇಂಧನ ತೆಗೆಯುವ ತಾಂತ್ರಿಕ ಸಾಮರ್ಥ್ಯ ಸಾಧಿಸುತ್ತೇವೆ ಅಂತ ಎಕ್ಸಾನ್‌ಮೊಬಿಲ್ 2018ರಲ್ಲಿ ಹೇಳಿತ್ತು. ಜಾಹೀರಾತುಗಳೂ ಜೋರಾಗಿದ್ದವು. 2023ರ ಆರಂಭದಲ್ಲಿ ನೋಡಿದರೆ, ಕಂಪನಿ ಈ ಸಂಶೋಧನೆಗೆ ಹಣ ಕೊಡುವುದನ್ನೇ ನಿಲ್ಲಿಸಿತ್ತು. ಕಂಪನಿಯ ಲಾಭ-ನಷ್ಟ ಒಂದು ಕಡೆ ಇರಲಿ. ಇಂಥ ಭರವಸೆಗಳನ್ನು ಅಳೆಯಬೇಕಾದರೆ ಆ ಪುಟ್ಟ ಜೀವಕೋಶದೊಳಗಿನ ಲೆಕ್ಕ ನಮಗೆ ಗೊತ್ತಿರಬೇಕು.

ಈ ಲೆಕ್ಕ ಚೆನ್ನಾಗಿ ಅರ್ಥವಾಗಿರುವುದು ಸಯನೋಬ್ಯಾಕ್ಟೀರಿಯಾಗಳಲ್ಲಿ. ಶಾಲೆಯಲ್ಲಿ 'ನೀಲಿ-ಹಸಿರು ಪಾಚಿ' ಅಂತ ಓದಿದ್ದೇವಲ್ಲ, ಅವೇ. ಹಗಲಲ್ಲಿ ಇವು ಬೆಳಕು ಬಳಸಿ ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಕಟ್ಟುತ್ತವೆ, ಮಿಕ್ಕಿದ್ದನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತವೆ. ರಾತ್ರಿ ಅದನ್ನೇ ಒಡೆದು ಬದುಕುತ್ತವೆ.

ಇಲ್ಲೊಂದು ಸಮಸ್ಯೆ ಇದೆ. ಸಕ್ಕರೆ ಕಟ್ಟುವ ಕಿಣ್ವಗಳು, ಒಡೆಯುವ ಕಿಣ್ವಗಳು ಎರಡೂ ಒಂದೇ ಕೋಶದಲ್ಲಿವೆ, ನಡುವೆ ಗೋಡೆಯಿಲ್ಲ. ಎರಡೂ ಒಟ್ಟಿಗೆ ಓಡಿದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ: ಶ್ರಮವೆಲ್ಲ ದಂಡ. ಹಾಗಾಗಿ ಒಂದು ಸ್ವಿಚ್ ಬೇಕು.

ಆ ಸ್ವಿಚ್ ಒತ್ತುವುದು ಬೆಳಕು. ದ್ಯುತಿಸಂಶ್ಲೇಷಣೆಯಲ್ಲಿ ನೀರಿನಿಂದ ಬಿಡುಗಡೆಯಾದ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಥಯೋರೆಡಾಕ್ಸಿನ್ ಎಂಬ ಸಣ್ಣ ಪ್ರೋಟೀನಿಗೆ ತಲುಪುತ್ತವೆ. ಅದು ಇತರ ಪ್ರೋಟೀನುಗಳಲ್ಲಿರುವ ಗಂಧಕ-ಗಂಧಕದ ಕೊಂಡಿಯನ್ನು ಬಿಚ್ಚುತ್ತದೆ. ಕೊಂಡಿ ಬಿಚ್ಚಿದರೆ ಪ್ರೋಟೀನಿನ ಆಕಾರ ಬದಲಾಗುತ್ತೆ, ಕೆಲಸವೂ ಬದಲಾಗುತ್ತೆ.

ಸಕ್ಕರೆ ಒಡೆಯುವ ದಾರಿಯ ಹೆಬ್ಬಾಗಿಲಲ್ಲಿ ನಿಂತಿರುವುದು ಜಿ6ಪಿಡಿ ಎಂಬ ಕಿಣ್ವ. ಇದರ ಬಂಧು ನಮ್ಮ ರಕ್ತಕಣಗಳಲ್ಲೂ ಇದೆ. ಸಯನೋಬ್ಯಾಕ್ಟೀರಿಯಾದಲ್ಲಿ ಇದು ಚುರುಕಾಗಲು ಓಪಿಸಿಎ ಎಂಬ ಸಹಾಯಕ ಪ್ರೋಟೀನ್ ಬೇಕು. ಬೆಳಕಿದ್ದಾಗ ಥಯೋರೆಡಾಕ್ಸಿನ್ ಓಪಿಸಿಎಯ ಕೊಂಡಿ ಬಿಚ್ಚುತ್ತದೆ, ಜಿ6ಪಿಡಿ ತಣ್ಣಗಾಗುತ್ತದೆ. ಕತ್ತಲಾದರೆ ಕೊಂಡಿ ಮತ್ತೆ ಕೂಡುತ್ತದೆ, ಕಿಣ್ವ ಕೆಲಸಕ್ಕಿಳಿಯುತ್ತದೆ. ಸಕ್ಕರೆ ಕಟ್ಟುವ ಕಡೆ ಇದು ಉಲ್ಟಾ: ಕತ್ತಲಲ್ಲಿ ಸಿಪಿ12 ಎಂಬ ಪುಟಾಣಿ ಪ್ರೋಟೀನ್ ಅಲ್ಲಿನ ಎರಡು ಮುಖ್ಯ ಕಿಣ್ವಗಳನ್ನು ಕಟ್ಟಿಹಾಕುತ್ತದೆ, ಬೆಳಕು ಬಂದಾಗ ಬಿಟ್ಟುಬಿಡುತ್ತದೆ.

ಬೆಳಕಿನ ಜೊತೆಗೆ ಕೋಶದ ಸ್ವಂತ ಸ್ಥಿತಿಯೂ ಲೆಕ್ಕಕ್ಕೆ ಬರುತ್ತೆ. ಜಿ6ಪಿಡಿ ಮಾಡುವ ಕೆಲಸದಿಂದ ಎನ್‌ಎಡಿಪಿಎಚ್ ಎಂಬ ಶಕ್ತಿವಾಹಕ ಹುಟ್ಟುತ್ತದೆ. ಅದು ಸಾಕಷ್ಟು ಇದ್ದಾಗ ಅದೇ ಈ ಕಿಣ್ವವನ್ನು ತಡೆಯುತ್ತದೆ. ಹಗಲಲ್ಲಿ ಬೆಳಕಿನಿಂದಲೇ ಅದು ಧಾರಾಳವಾಗಿ ಸಿಗುವುದರಿಂದ, ಕೂಡಿಟ್ಟ ಸಕ್ಕರೆಗೆ ಕೈಹಾಕುವ ಅಗತ್ಯವಿಲ್ಲ.

ಈ ರಾತ್ರಿ ಖರ್ಚನ್ನೇ ನಿಲ್ಲಿಸಿದರೆ ಸಕ್ಕರೆ ಉಳಿಯುತ್ತಲ್ವಾ? ವಿಜ್ಞಾನಿಗಳು ಜಿ6ಪಿಡಿಯ ಜೀನ್ ಕಿತ್ತುಹಾಕಿ ನೋಡಿದ್ದಾರೆ. ಬೆಳಕಲ್ಲಿ ಆ ಕೋಶಗಳು ಬೆಳೆದವು, ಕತ್ತಲಲ್ಲಿ ಬೇಗ ಸತ್ತವು. ನಮ್ಮ ಕಣ್ಣಿಗೆ ಸೋರಿಕೆ ಅನಿಸಿದ್ದು ಅವಕ್ಕೆ ರಾತ್ರಿಯೂಟ.

ಇಂಧನದ ಪ್ರಶ್ನೆ ಇಲ್ಲೇ ಬರುವುದು. ಎಕ್ಸಾನ್ ನೆಚ್ಚಿಕೊಂಡಿದ್ದ ಪಾಚಿ ಸಯನೋಬ್ಯಾಕ್ಟೀರಿಯಾ ಅಲ್ಲ, ಅದಕ್ಕಿಂತ ಸಂಕೀರ್ಣ ಜೀವಿ. ಆದರೆ ಪಾಚಿ, ಗಿಡಗಳ ಹರಿತ್ತುಗಳು ಪ್ರಾಚೀನ ಸಯನೋಬ್ಯಾಕ್ಟೀರಿಯಾಗಳ ವಂಶದವೇ, ಥಯೋರೆಡಾಕ್ಸಿನ್ ಸ್ವಿಚ್ ಅಲ್ಲೂ ಇದೆ. 2017ರಲ್ಲಿ ಎಕ್ಸಾನ್ ಮತ್ತು ಸಿಂಥೆಟಿಕ್ ಜೀನೋಮಿಕ್ಸ್ ತಂಡ ಒಂದು ನಿಯಂತ್ರಕ ಜೀನನ್ನು ತಗ್ಗಿಸಿ, ಪಾಚಿಯ ಕೊಬ್ಬಿನಂಶವನ್ನು ಸುಮಾರು 20%ನಿಂದ 40%ಕ್ಕೂ ಮೇಲೆ ಒಯ್ದಿತ್ತು. ಒಳ್ಳೆಯ ವಿಜ್ಞಾನವೇ. ಆದರೆ ಕೊಳದಲ್ಲಿ ಮೋಡ ಕವಿಯುತ್ತೆ, ರಾತ್ರಿಯಾಗುತ್ತೆ, ಕೋಶ ಮೊದಲು ತನ್ನ ಹೊಟ್ಟೆ ನೋಡಿಕೊಳ್ಳುತ್ತೆ.

ಮುಂದಿನ ಸಲ 'ಪಾಚಿಯಿಂದ ಪೆಟ್ರೋಲ್' ಅನ್ನೋ ಹೆಡ್‌ಲೈನ್ ಕಂಡರೆ ಎರಡು ಪ್ರಶ್ನೆ ಕೇಳಿ. ರಾತ್ರಿಯ ಖರ್ಚು ಕಳೆದು ಎಷ್ಟು ಉಳಿಯುತ್ತೆ? ಈ ಅಂಕಿ ಲ್ಯಾಬಿನದೋ, ಬಯಲಿನ ಕೊಳದ್ದೋ? ಉತ್ತರ ಸಿಗುವ ತನಕ ಅದನ್ನು ಜಾಹೀರಾತು ಅಂತಲೇ ಓದಿ.