ಡಿಜಿಟಲ್ ಸಂಗೀತ ತಂತ್ರಾಂಶಗಳು ಮತ್ತು ಹೊರನಾಡ ಕನ್ನಡ ಧ್ವನಿಸಂಗ್ರಹ: ಡೊಂಬಿವಲಿಯನ್ನು ಕುರಿತು ಒಂದು ವಿವೇಚನೆ

ಗಣಕಯಂತ್ರದಲ್ಲಿ ಹಾಡು ಕೇಳಿಸುವ ತಂತ್ರಾಂಶಗಳ ಗುಣದೋಷಗಳನ್ನು ಸಾಮಾನ್ಯವಾಗಿ ಧ್ವನಿಯ ಸ್ಪಷ್ಟತೆ, ಬಳಕೆಯ ಸೌಲಭ್ಯ ಇವುಗಳ ದೃಷ್ಟಿಯಿಂದ ಮಾತ್ರ ಅಳೆಯಲಾಗುತ್ತದೆ. ಸಂಶೋಧಕರಿಗೆ ಇಷ್ಟು ಸಾಲದು. ಒಂದು ಧ್ವನಿಮುದ್ರಿಕೆ ಯಾರದು, ಯಾವ ಕೃತಿ, ಯಾರು ಹಾಡಿದರು ಎಂಬ ಅರಿವನ್ನು ಆ ತಂತ್ರಾಂಶ ಎಷ್ಟರಮಟ್ಟಿಗೆ ಉಳಿಸಿಕೊಡುತ್ತದೆ ಎಂಬುದು ಅವರ ಮಟ್ಟಿಗೆ ಮೊದಲ ಪ್ರಶ್ನೆ. ಕನ್ನಡದ ಧ್ವನಿಸಂಗ್ರಹಗಳ ವಿಷಯದಲ್ಲಿ ಈ ಪ್ರಶ್ನೆ ಏಕೆ ತೀವ್ರವಾದುದೆಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಉದಾಹರಣೆಗಾಗಿ ಡೊಂಬಿವಲಿಯನ್ನು ಆರಿಸಿಕೊಂಡಿದ್ದೇವೆ. ಠಾಣೆ ಜಿಲ್ಲೆಯ ಈ ಊರು 1983ರಲ್ಲಿ ಕಲ್ಯಾಣದೊಡನೆ ಸೇರಿ ಮಹಾನಗರಪಾಲಿಕೆಯ ಭಾಗವಾಯಿತು. ಮಧ್ಯ ರೈಲ್ವೆಯ ಉಪನಗರ ಗಾಡಿಗಳಲ್ಲಿ ಮುಂಬಯಿಗೆ ದುಡಿಯಲು ಹೋಗಿಬರುವವರ ಊರಿದು. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಕುಟುಂಬಗಳು ಇಲ್ಲಿ ನೆಲೆಸಿವೆ. ಇಲ್ಲಿಯ ಕರ್ನಾಟಕ ಸಂಘವು ಮಂಜುನಾಥ ಹೆಸರಿನ ವಿದ್ಯಾಸಂಸ್ಥೆಗಳನ್ನು ನಡೆಸಿಕೊಂಡು ಬಂದಿದೆ. ಮಳೆಗಾಲದಲ್ಲಿ ಊರಿನ ತಿರುಗಾಟ ನಿಲ್ಲಿಸಿದ ಯಕ್ಷಗಾನ ಮೇಳಗಳು ಮುಂಬಯಿಯ ಕಡೆ ಬರುವುದು ಹಳೆಯ ವಾಡಿಕೆ. ಆದುದರಿಂದ ಇಂಥ ಊರಿನ ಕನ್ನಡ ಮನೆಗಳ ಧ್ವನಿಸಂಗ್ರಹದಲ್ಲಿ ಯಕ್ಷಗಾನ, ತಾಳಮದ್ದಳೆ, ದಾಸರ ಪದ, ವಚನಗಾಯನ, ಭಾವಗೀತೆಗಳ ಜೊತೆಗೆ ಮರಾಠಿ ಅಭಂಗಗಳೂ ಇರುವುದು ಸಹಜ. ಆಟದ ರಂಗಸ್ಥಳದ ಬಳಿ ಯಾರೋ ಮುದ್ರಿಸಿಕೊಂಡ ಕ್ಯಾಸೆಟ್ಟುಗಳಿಗೆ ಹೊದಿಕೆಯ ಮೇಲೆ ಕೈಬರಹದಲ್ಲಿರುವ ನಾಲ್ಕು ಸಾಲೇ ಏಕೈಕ ದಾಖಲೆ. ಕನ್ನಡ ಓದಲು ಬಾರದ ಮುಂದಿನ ತಲೆಮಾರು ಅದನ್ನು ಗಣಕಯಂತ್ರಕ್ಕೆ ಇಳಿಸುವಾಗ ಧ್ವನಿ ಉಳಿದು ದಾಖಲೆ ಅಳಿಯುವ ಅಪಾಯವಿದೆ.

ಅನುಕೂಲಗಳು

ಮೊದಲಿಗೆ ಗುಣಪಕ್ಷವನ್ನು ನೋಡೋಣ. 1997ರಲ್ಲಿ ವಿನ್‌ಆಂಪ್ ಬಂದಂದಿನಿಂದ ಎಂಪಿ3 ಕಡತಗಳನ್ನು ಸಾಮಾನ್ಯ ಗಣಕಯಂತ್ರದಲ್ಲಿ ಕೇಳುವುದು ಸುಲಭವಾಯಿತು. 2001ರಲ್ಲಿ ಐಟ್ಯೂನ್ಸ್, 2002ರಲ್ಲಿ ಫೂಬಾರ್2000 ಬಂದವು. ಮುಕ್ತ ಪರವಾನಗಿಯಲ್ಲಿ 2001ರಿಂದ ದೊರೆಯುತ್ತಿರುವ ವಿಎಲ್‌ಸಿ ಬಹುಪಾಲು ಎಲ್ಲ ಬಗೆಯ ಕಡತಗಳನ್ನೂ ನುಡಿಸಬಲ್ಲುದು. ಕ್ಯಾಸೆಟ್ಟು ಪ್ರತಿ ಬಾರಿ ತಿರುಗಿದಾಗಲೂ ಸವೆಯುತ್ತದೆ; ಕಡತ ಸವೆಯುವುದಿಲ್ಲ. ಎರಡು ಗಂಟೆಯ ತಾಳಮದ್ದಳೆಯಲ್ಲಿ ಬೇಕಾದ ಪದ್ಯಕ್ಕೆ ಒಡನೆಯೇ ಹೋಗಬಹುದು. ಶ್ರುತಿ ಕೆಡದಂತೆ ವೇಗವನ್ನು ತಗ್ಗಿಸಿ ಕೇಳುವ, ಆಯ್ದ ಭಾಗವನ್ನು ಮತ್ತೆ ಮತ್ತೆ ನುಡಿಸುವ ಸೌಲಭ್ಯಗಳು ಅರ್ಥಧಾರಿಯ ಮಾತನ್ನು ಬರೆದುಕೊಳ್ಳುವವರಿಗೆ ಮಹತ್ತರ ನೆರವು.

ಅಂತರ್ಜಾಲದ ಮೂಲಕ ಹಾಡು ಒದಗಿಸುವ ಸೇವೆಗಳಿಗಿಂತಲೂ ಇವು ಒಂದು ವಿಷಯದಲ್ಲಿ ಮೇಲು. ಅಲ್ಲಿಯ ಹಾಡು ಹಕ್ಕುದಾರರ ಒಪ್ಪಂದ ಇರುವವರೆಗೆ ಮಾತ್ರ ಇರುತ್ತದೆ. ಮನೆಯಲ್ಲಿ ಮುದ್ರಿಸಿಕೊಂಡ ತಾಳಮದ್ದಳೆಯನ್ನು ಅಲ್ಲಿ ನಿರೀಕ್ಷಿಸುವಂತೆಯೂ ಇಲ್ಲ. ತಮ್ಮಲ್ಲೇ ಇರುವ ಕಡತಕ್ಕೆ ಈ ಭಯವಿಲ್ಲ.

ಲಿಪಿಯ ತೊಡಕು

ದೋಷಪಕ್ಷ ಹೆಸರಿನಿಂದಲೇ ಆರಂಭವಾಗುತ್ತದೆ. ಎಂಪಿ3 ಕಡತದೊಳಗೆ ಹಾಡಿನ ವಿವರಗಳನ್ನು ಇಡುವ ಮಾಹಿತಿಪಟ್ಟಿಗೆ ಟ್ಯಾಗ್ ಎಂದು ಹೆಸರು. 1996ರಲ್ಲಿ ರೂಪುಗೊಂಡ ಐಡಿ3 ಟ್ಯಾಗಿನ ಮೊದಲ ಆವೃತ್ತಿಯಲ್ಲಿ ಒಟ್ಟು ಇದ್ದುದು 128 ಬೈಟುಗಳ ಜಾಗ. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ, ಅದು ಮೂಲಾಕ್ಷರವಾಗಿರಲಿ ಸ್ವರಚಿಹ್ನೆಯಾಗಿರಲಿ, ಮೂರು ಬೈಟು ಬೇಕು. ‘ಪುರಂದರದಾಸರು’ ಎಂಬಲ್ಲಿ 11 ಸಂಕೇತಗಳಿದ್ದು 33 ಬೈಟು ಆಗುತ್ತದೆ. ಅದನ್ನು 30 ಬೈಟಿನ ಜಾಗಕ್ಕೆ ತುಂಬಿದರೆ ಕೊನೆಯ ಉಕಾರ ಬಿದ್ದುಹೋಗಿ ‘ಪುರಂದರದಾಸರ’ ಎಂದು ನಿಲ್ಲುತ್ತದೆ. ಪ್ರಥಮಾ ವಿಭಕ್ತಿ ಷಷ್ಠಿಯಾಗುತ್ತದೆ. ಮುಂದಿನ ಆವೃತ್ತಿಗಳಲ್ಲಿ ಯೂನಿಕೋಡಿಗೆ ಎಡೆ ದೊರೆಯಿತು. ಉದ್ದದ ಈ ಮಿತಿಯೂ ಹೋಯಿತು. ಆದರೆ ಹಳೆಯ ಕಡತಗಳು ಹಳೆಯ ಪಟ್ಟಿಯನ್ನೇ ಹೊತ್ತಿವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಅಕ್ಷರಶೈಲಿಗಳ ತಮ್ಮದೇ ಸಂಕೇತಗಳಲ್ಲಿ ಬರೆದ ಹೆಸರುಗಳು ಈಗ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕನ್ನು ಭೀಮಸೇನ ಜೋಶಿಯವರ ಉದಾಹರಣೆಯಿಂದ ತಿಳಿಯಬಹುದು. ಗದಗ ಪರಿಸರದಲ್ಲಿ 1922ರಲ್ಲಿ ಜನಿಸಿ, ಪುಣೆಯಲ್ಲಿ ನೆಲೆಸಿ, 2011ರಲ್ಲಿ ನಿಧನರಾದ ಈ ಗಾಯಕರು ದಾಸರ ಪದಗಳನ್ನೂ ಅಭಂಗಗಳನ್ನೂ ಹಾಡಿದವರು. ಡೊಂಬಿವಲಿಯಂಥ ಊರಿನ ಸಂಗ್ರಹದಲ್ಲಿ ಅವರ ಹೆಸರು ಕನ್ನಡ, ದೇವನಾಗರಿ, ರೋಮನ್ ಎಂಬ ಮೂರು ಲಿಪಿಗಳಲ್ಲಿ ಇರಬಹುದು. ಕನ್ನಡದಲ್ಲೇ ‘ಜೋಶಿ’, ‘ಜೋಷಿ’ ಎಂಬ ಎರಡು ಬರಹಗಳಿವೆ. ಯೂನಿಕೋಡಿನಲ್ಲಿ ‘ಜೋ’ ಎಂಬಲ್ಲಿಯ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವನ್ನು ಸಮೀಕರಿಸದ ತಂತ್ರಾಂಶವು ಒಬ್ಬ ಗಾಯಕರನ್ನು ಹಲವರನ್ನಾಗಿ ಮಾಡಿ ಪಟ್ಟಿಯಲ್ಲಿ ದೂರ ದೂರ ನಿಲ್ಲಿಸುತ್ತದೆ. ಹುಡುಕಿದವರಿಗೆ ಅರ್ಧ ಸಂಗ್ರಹ ಸಿಗುವುದೇ ಇಲ್ಲ. ಸಿಗಲಿಲ್ಲವೆಂಬುದು ತಿಳಿಯುವುದೂ ಇಲ್ಲ.

ವರ್ಗೀಕರಣದ ತೊಡಕು

ಕಲಾವಿದ, ಸಂಪುಟ, ಹಾಡು ಎಂಬ ಮೂರು ಮೆಟ್ಟಿಲುಗಳ ಮೇಲೆ ಈ ತಂತ್ರಾಂಶಗಳ ಪಟ್ಟಿ ನಿಂತಿದೆ. ಪಾಶ್ಚಾತ್ಯ ಜನಪ್ರಿಯ ಸಂಗೀತದ ತಟ್ಟೆಗಳಿಗೆ ಹೊಂದುವ ಕ್ರಮವಿದು. ಕನ್ನಡದ ಭಾವಗೀತೆಯಲ್ಲಿ ಕವಿ, ರಾಗಸಂಯೋಜಕ, ಗಾಯಕ ಮೂವರೂ ಮುಖ್ಯರು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯ ಕವಿ ಕೆ. ಎಸ್. ನಿಸಾರ್ ಅಹಮದ್, ಸಂಯೋಜಕರು ಮೈಸೂರು ಅನಂತಸ್ವಾಮಿ. ಕಲಾವಿದರ ಒಂದೇ ಅಂಕಣದಲ್ಲಿ ಯಾರ ಹೆಸರು ಬರೆದರೂ ಮತ್ತೊಬ್ಬರು ಮರೆಯಾಗುತ್ತಾರೆ. ದಾಸರ ಪದಗಳಲ್ಲಿ ಅಂಕಿತ ರಚನಕಾರರನ್ನು ಸೂಚಿಸುತ್ತದೆ. ರಾಗವಾದರೋ ಗಾಯಕರಿಂದ ಗಾಯಕರಿಗೆ ಬದಲಾಗುವುದರಿಂದ ಕೃತಿಗಿಂತ ಹೆಚ್ಚಾಗಿ ಗಾಯನಕ್ಕೆ ಸೇರಿದ ವಿವರ. ಯಕ್ಷಗಾನದಲ್ಲಿ ಪ್ರಸಂಗಕರ್ತ, ಭಾಗವತ, ಮದ್ದಳೆ ಮತ್ತು ಚೆಂಡೆಯವರು, ಅರ್ಥಧಾರಿಗಳು ಇಷ್ಟು ಜನರಿದ್ದಾರೆ. 1990ರಲ್ಲಿ ನಿಧನರಾದ ಕಾಳಿಂಗ ನಾವಡರು ಭಾಗವತರೂ ಹೌದು, ‘ನಾಗಶ್ರೀ’ಯಂಥ ಪ್ರಸಂಗದ ಕರ್ತೃವೂ ಹೌದು. ಅವರು ಬರೆದುದನ್ನು ಬೇರೆಯವರು ಹಾಡಿದ್ದು, ಬೇರೆಯವರ ಪ್ರಸಂಗವನ್ನು ಅವರು ಹಾಡಿದ್ದು ಇವೆರಡನ್ನು ಒಂದೇ ಅಂಕಣ ಬೇರ್ಪಡಿಸಲಾರದು. ಐಡಿ3ರ ಎರಡನೆಯ ಆವೃತ್ತಿಯಲ್ಲಿ ಸಂಯೋಜಕ, ಸಾಹಿತ್ಯಕರ್ತೃ, ಭಾಷೆ ಮುಂತಾದ ಅಂಕಣಗಳಿವೆ ನಿಜ. ಆದರೆ ಅನೇಕ ತಂತ್ರಾಂಶಗಳು ಅವನ್ನು ಮುಖಪುಟದಲ್ಲಿ ತೋರಿಸುವುದಿಲ್ಲ. ಮೊದಲ ಆವೃತ್ತಿಯ 80 ಪ್ರಕಾರಗಳ ಪಟ್ಟಿಯಲ್ಲಿ ಯಕ್ಷಗಾನಕ್ಕಾಗಲಿ ದಾಸಸಾಹಿತ್ಯಕ್ಕಾಗಲಿ ಸ್ಥಾನವಿಲ್ಲ.

ಅಖಂಡತೆಯ ತೊಡಕು

ಹಾಡು ಮೂರು ನಾಲ್ಕು ನಿಮಿಷದ್ದೆಂಬ ಎಣಿಕೆಯೂ ತೊಂದರೆ ಕೊಡುತ್ತದೆ. ಎಂಪಿ3 ಧ್ವನಿಯನ್ನು 1,152 ಮಾದರಿಗಳ ಕಂತುಗಳಾಗಿ ಕಟ್ಟುತ್ತದೆ; ಸೆಕೆಂಡಿಗೆ 44,100 ಮಾದರಿಗಳಿದ್ದಲ್ಲಿ ಒಂದು ಕಂತು ಸುಮಾರು 26 ಮಿಲಿಸೆಕೆಂಡು. ಕಡತದ ಆದಿ ಅಂತ್ಯಗಳಲ್ಲಿ ಮೌನ ಸೇರಿಕೊಳ್ಳುವುದರಿಂದ ಒಂದೇ ಆಲಾಪವನ್ನು ಎರಡು ಕಡತವಾಗಿ ಕತ್ತರಿಸಿದರೆ ನಡುವೆ ಸಣ್ಣ ಬಿರುಕು ಕೇಳಿಸುತ್ತದೆ. ಮೌನದ ಅಳತೆ ಕಡತದಲ್ಲೇ ದಾಖಲಾಗಿದ್ದರೆ ಫೂಬಾರ್2000ದಂಥವು ಅದನ್ನು ನಿವಾರಿಸಬಲ್ಲವು. ಪ್ರತಿಯೊಂದು ಕಡತದ ಸದ್ದನ್ನೂ ಬೇರೆ ಬೇರೆಯಾಗಿ ಸಮಮಾಡುವ ಸೌಲಭ್ಯ ಮತ್ತೊಂದು. ಚೆಂಡೆಯಿರುವ ಪದ್ಯವನ್ನು ತಗ್ಗಿಸಿ, ಮೆಲುದನಿಯ ಅರ್ಥವನ್ನು ಏರಿಸಿದರೆ ತಾಳಮದ್ದಳೆಯ ಏರಿಳಿತವೇ ಹೋಗುತ್ತದೆ. ಇಡೀ ಸಂಪುಟಕ್ಕೆ ಒಂದೇ ಅಳತೆ ಅನ್ವಯಿಸುವ ಆಯ್ಕೆ ಲೇಸು. ಹಾಡುಗಳನ್ನು ಕಲಸಿ ನುಡಿಸುವ ಕ್ರಮವಂತೂ ಪ್ರಸಂಗದ ಕಥಾಸರಣಿಗೆ ಸಲ್ಲದು.

ಸೂಚನೆಗಳು

ಹೊರನಾಡಿನಲ್ಲಿ ಇಂಥ ಸಂಗ್ರಹಗಳನ್ನು ಕೈಗೆತ್ತಿಕೊಳ್ಳುವ ಸಂಶೋಧಕರಿಗೆ ನಮ್ಮ ಸಲಹೆಗಳಿವು. ಮೂಲಪ್ರತಿಯನ್ನು, 2001ರಿಂದ ಬಳಕೆಯಲ್ಲಿರುವ ಫ್ಲ್ಯಾಕ್‌ನಂಥ ನಷ್ಟವಿಲ್ಲದ ರೂಪದಲ್ಲಿ ಇಡಬೇಕು. ಎಂಪಿ3 ಕೈಬಿಟ್ಟ ಧ್ವನಿಯನ್ನು ಯಾವ ತಂತ್ರಾಂಶವೂ ಮರಳಿ ತಾರದು. ಕ್ಯಾಸೆಟ್ಟಿನ ಹೊದಿಕೆಯ ಎರಡೂ ಬದಿಗಳ ಚಿತ್ರವನ್ನು ಅದರ ಜೊತೆಗೇ ಇರಿಸಬೇಕು. ಕಡತದ ಹೆಸರು ಕ್ರಮಾಂಕದಿಂದ ಆರಂಭವಾಗಬೇಕು. ಕೃತಿ, ಕರ್ತೃ, ಸಂಯೋಜಕ, ಗಾಯಕ, ಹಿಮ್ಮೇಳ, ರಾಗ, ಸ್ಥಳ, ದಿನಾಂಕ ಇವುಗಳ ವಹಿಯನ್ನು ಟ್ಯಾಗಿಗೆ ಹೊರತಾಗಿ, ಯಾವ ತಂತ್ರಾಂಶಕ್ಕೂ ಅಂಟಿಕೊಳ್ಳದ ಸರಳ ಪಠ್ಯಕಡತದಲ್ಲಿ ಬರೆದಿಡಬೇಕು. ಒಬ್ಬರ ಹೆಸರಿಗೆ ಒಂದೇ ಬರಹವನ್ನು ಗೊತ್ತುಮಾಡಿ, ಉಳಿದ ರೂಪಗಳನ್ನು ವಹಿಯಲ್ಲಿ ಸೂಚಿಸಬೇಕು.

ನುಡಿಸುವ ಕೆಲಸದಲ್ಲಿ ಈ ತಂತ್ರಾಂಶಗಳು ಸಮರ್ಥವಾಗಿವೆ. ನೆನಪಿಡುವ ಕೆಲಸವನ್ನು ಅವುಗಳಿಗೆ ಪೂರ್ತಿ ಒಪ್ಪಿಸುವಂತಿಲ್ಲ. ಆಟವನ್ನು ಕಂಡವರು, ಕ್ಯಾಸೆಟ್ಟಿನ ಮೇಲೆ ಹೆಸರು ಬರೆದವರು ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ವಹಿಯನ್ನು ತುಂಬಿಸುವುದು ಮೊದಲು ಆಗಬೇಕಾದ ಕೆಲಸ. ತಂತ್ರಾಂಶದ ಆಯ್ಕೆ ಅದರ ನಂತರದ್ದು.