ಮುಪ್ಪು ಯಾವುದು, ರೋಗ ಯಾವುದು?



ಸೂರಃ ರೂಮ್‌ನ 54ನೇ ಆಯತ್ ಮನುಷ್ಯನ ಬದುಕಿನ ಮೂರು ಹಂತಗಳನ್ನು ನೆನಪಿಸುತ್ತದೆ: ಎಳೆತನದ ಬಲಹೀನತೆ, ಯೌವನದ ಶಕ್ತಿ, ಕೊನೆಗೆ ನರೆಯೊಂದಿಗೆ ಮತ್ತೆ ಬಲಹೀನತೆ. ಈ ಮೂರನೇ ಹಂತ ಹೇಗೆ ಬರುತ್ತದೆ ಎಂಬುದನ್ನು ವಿಜ್ಞಾನಿಗಳು ಬಹಳ ವರ್ಷಗಳಿಂದ ಹುಡುಕುತ್ತಿದ್ದಾರೆ.

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಮನುಷ್ಯನ ಸಾಮಾನ್ಯ ಜೀವಕೋಶ ಸುಮಾರು 50 ಸಲ ಒಡೆದು ಎರಡಾದ ಮೇಲೆ ನಿಂತುಬಿಡುತ್ತದೆ ಎಂದು 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದರು. ಕ್ರೋಮೋಸೋಮುಗಳ ತುದಿಯಲ್ಲಿ ಟೆಲೋಮಿಯರ್ ಎಂಬ ಭಾಗವಿದೆ. ಶೂ ದಾರದ ತುದಿಯ ಪ್ಲಾಸ್ಟಿಕ್‌ನಂತೆ ಅದು ಕಾಪಾಡುತ್ತದೆ. ಪ್ರತಿ ಸಲ ಕೋಶ ಒಡೆದಾಗಲೂ ಅದು ಸವೆಯುತ್ತದೆ. ಈ ಭಾಗದ ಕೆಲಸವನ್ನು ಕಂಡುಹಿಡಿದ ಮೂವರಿಗೆ 2009ರಲ್ಲಿ ನೊಬೆಲ್ ಬಂತು.

ಇನ್ನೊಂದು ವಾದ 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಹೇಳಿದ್ದು. ಕೋಶಗಳು ಆಮ್ಲಜನಕದಿಂದ ಅನ್ನವನ್ನು ಶಕ್ತಿಯಾಗಿ ಮಾಡುವಾಗ, ಒಲೆಯಿಂದ ಕಿಡಿ ಹಾರಿದಂತೆ, ಕೆಲವು ಕಣಗಳು ಹಾರಿ ಕೋಶವನ್ನೇ ಕೆಡಿಸುತ್ತವೆ. ಆದರೆ ಈ ಕಿಡಿ ಆರಿಸುವ ಮಾತ್ರೆ ನುಂಗಿದವರ ಆಯುಷ್ಯವೇನೂ ಹೆಚ್ಚಲಿಲ್ಲ. ಮುಪ್ಪಿಗೆ ಕಾರಣ ಒಂದಲ್ಲ, ಹಲವು ಎಂಬುದೇ ಈಗಿನ ವಿಜ್ಞಾನದ ಮಾತು. 2013ರಲ್ಲಿ ಪ್ರಕಟವಾದ ಹೆಸರಾಂತ ಲೇಖನವೊಂದು ಮುಪ್ಪಿನ 9 ಲಕ್ಷಣಗಳನ್ನು ಪಟ್ಟಿ ಮಾಡಿತು.

ಇದರ ಫಲವನ್ನು ನಾವೆಲ್ಲ ಕಾಣುತ್ತೇವೆ. ನಲವತ್ತು ದಾಟಿದರೆ ಕಣ್ಣಿನ ಮಸೂರ ಗಟ್ಟಿಯಾಗುತ್ತದೆ. ಕುರ್‌ಆನ್ ಓದಲು ನನಗೂ ಈಗ ಕನ್ನಡಕ ಬೇಕು. ಸ್ನಾಯು ಕರಗುತ್ತದೆ, ಮಂಡಿಯ ಮೃದ್ವಸ್ಥಿ ಸವೆಯುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ.

ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಪಡೆಯಿರಿ ಎಂದರು. ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಔಷಧವಿದೆ ಎಂದು ತಿಳಿಸಿದರು. ಅಬೂದಾವೂದ್, ತಿರ್ಮಿದಿಗಳಲ್ಲಿ ಈ ಹದೀಸ್ ಇದೆ. ಇದರಲ್ಲಿ ಎರಡು ಪಾಠಗಳಿವೆ. ಯೌವನ ಮರಳಿಸುತ್ತೇವೆ ಎನ್ನುವವರಿಗೆ ಹಣ ಸುರಿಯಬೇಡಿ. ಹಾಗೆಯೇ, ರೋಗವನ್ನು ಮುಪ್ಪು ಎಂದು ತಿಳಿದು ಕೈಚೆಲ್ಲಬೇಡಿ.

ಎರಡನೆಯ ತಪ್ಪು ನಮ್ಮ ಜಿಲ್ಲೆಯಲ್ಲಿ ಹೆಚ್ಚು. ಐವತ್ತಕ್ಕೇ ಬೆನ್ನು ಬಾಗಿದ, ಕುತ್ತಿಗೆ ತಿರುಗಿಸಲಾಗದ, ರುಕೂವಿಗೆ ಬಗ್ಗಲಾಗದವರನ್ನು ನಾನು ಸಫ್‌ಗಳಲ್ಲಿ ನೋಡಿದ್ದೇನೆ. ಮನೆಯವರನ್ನು ಕೇಳಿದರೆ “ವಯಸ್ಸಾಯ್ತು ಹಜರತ್” ಎನ್ನುತ್ತಾರೆ. ಎಷ್ಟೋ ಸಲ ಅದು ವಯಸ್ಸಲ್ಲ, ಬೋರ್‌ವೆಲ್ಲಿನ ನೀರು. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಬೀಳಬಹುದು. ಅಂಶ ಬಹಳ ಹೆಚ್ಚಿದ್ದರೆ ದೊಡ್ಡವರ ಕೀಲುಗಳ ಸುತ್ತಲಿನ ಕಟ್ಟುಗಳು ಮೂಳೆಯಂತೆ ಬಿಗಿಯುತ್ತವೆ. ಬಾಗಿದ ಬೆನ್ನು ಮೊದಲಿನಂತಾಗುವುದು ಕಷ್ಟ. ಬೇಗ ತಿಳಿದು ನೀರು ಬದಲಿಸಿದರೆ ಅದು ಹೆಚ್ಚಾಗುವುದನ್ನು ತಡೆಯಬಹುದು.

ಆದ್ದರಿಂದ ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿರಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚುತ್ತದೆ. ವಝೂ, ಸ್ನಾನಕ್ಕೆ ಆ ನೀರು ತೊಂದರೆಯಿಲ್ಲ. ಕುಡಿಯಲು ಮತ್ತು ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತನ್ನಿರಿ. ನಾವೂ ವರ್ಷಗಟ್ಟಲೆ ಮಸೀದಿಯಲ್ಲಿ ಬೋರ್ ನೀರನ್ನೇ ಮಣ್ಣಿನ ಮಡಕೆಗೆ ತುಂಬಿ, ತಣ್ಣಗಿದೆ ಎಂದು ಸವಾಬಿನ ಆಸೆಯಿಂದ ಹಿರಿಯರಿಗೆ ಕೊಟ್ಟೆವು. ಈಗ ಘಟಕದ ಕ್ಯಾನ್ ಇಟ್ಟಿದ್ದೇವೆ. ಜಮಾಅತ್ ಕಮಿಟಿಗಳು ಇದನ್ನು ಗಮನಿಸಲಿ.

ಮಂಜಾದ ಕಣ್ಣು ಪೊರೆಯಿರಬಹುದು, ಶಸ್ತ್ರಚಿಕಿತ್ಸೆಯಿದೆ. ಮರೆವು ವಿಟಮಿನ್ ಕೊರತೆಯಿಂದಲೂ ಬರುತ್ತದೆ. ಮೊದಲು ವೈದ್ಯರಿಗೆ ತೋರಿಸಿರಿ. ಇಷ್ಟೆಲ್ಲ ಆದ ಮೇಲೂ ಉಳಿಯುವ ಬಲಹೀನತೆಯೇ ಮುಪ್ಪು. ಅದಕ್ಕೆ ಶರೀಅತ್ ರಿಯಾಯಿತಿ ಇಟ್ಟಿದೆ: ನಿಲ್ಲಲಾಗದವರು ಕುಳಿತು ನಮಾಜ್ ಮಾಡಲಿ, ರೋಜಾ ಹಿಡಿಯಲಾಗದ ವೃದ್ಧರು ಫಿದ್ಯಾ ಕೊಡಲಿ. ಹಿಂದೆ ವೃದ್ಧರು, ಅಶಕ್ತರು ಇರುತ್ತಾರೆಂದು ನಮಾಜನ್ನು ಹಗುರವಾಗಿಸಲು ಇಮಾಮರಿಗೂ ಆಜ್ಞೆಯಿದೆ.

ತಂದೆತಾಯಿಗೆ “ಉಫ್” ಎನ್ನುವುದನ್ನೂ ಕುರ್‌ಆನ್ ತಡೆದಿದೆ. “ವಯಸ್ಸಾಯ್ತು ಬಿಡಿ” ಎಂದು ಅವರ ನೋವನ್ನು ಕಡೆಗಣಿಸುವುದು ಉಫ್‌ಗಿಂತ ಕಡಿಮೆಯೇನಲ್ಲ. ಈ ವಾರವೇ ಅಮ್ಮಿಯನ್ನೋ ಅಬ್ಬಾರನ್ನೋ ಹತ್ತಿರ ಕೂರಿಸಿಕೊಂಡು ಎಲ್ಲಿ ನೋವಿದೆ ಎಂದು ಕೇಳಿರಿ. ಅಲ್ಲಾಹನು ನಮ್ಮ ಹಿರಿಯರಿಗೆ ಆಫಿಯತ್ತನ್ನೂ ನಮಗೆ ಅವರ ಸೇವೆಯ ತೌಫೀಕನ್ನೂ ಕರುಣಿಸಲಿ. ಆಮೀನ್.