ಕತ್ತಿಗಿಂತ ಮೊದಲು ಕಾಲು

ಬೆಂಗಳೂರಿನ ಸಿದ್ದಾಪುರದ ನಮ್ಮ ಬೀದಿಯಲ್ಲಿ ಉದ್ದನೆಯ ಕಪ್ಪು ಚೀಲ ಹೆಗಲಿಗೇರಿಸಿಕೊಂಡು ಹೊರಡುವ ನನ್ನ ಮಗಳನ್ನು ಪ್ರಶ್ನೆ ಕೇಳದವರಿಲ್ಲ. ಅಶೋಕ ಪಿಲ್ಲರ್ ಹತ್ತಿರ ಆಟೋದವರು "ಏನಮ್ಮಾ, ಗಿಟಾರಾ?" ಎಂದರು. ಕೆಳಗಿನ ಮನೆಯ ಅಜ್ಜಿ "ಕ್ರಿಕೆಟ್ ಬ್ಯಾಟಾ ಪುಟ್ಟಿ?" ಎಂದರು. ಒಳಗಿರುವುದು ಕತ್ತಿ ಅಂತ ಗೊತ್ತಾದ ದಿನ ಅಜ್ಜಿ ಅವಳನ್ನು ಬಿಟ್ಟು ನನ್ನನ್ನೇ ಹಿಡಿದುಕೊಂಡರು: "ಹೆಣ್ಣು ಮಗೂ ಕೈಗೆ ಕತ್ತಿ ಯಾಕಮ್ಮಾ ಕೊಟ್ರಿ?"

ಅಜ್ಜಿಯ ಭಯ ನನಗೂ ಇತ್ತು. ಕಾಲೇಜಿನ ಕತ್ತಿವರಸೆ ಕ್ಲಬ್ಬಿಗೆ ಅವಳು ಸೇರಿದ ಮೊದಲ ವರ್ಷ ನಾನು ಒಂದೇ ಒಂದು ಪಂದ್ಯಕ್ಕೂ ಹೋಗಲಿಲ್ಲ. ಎರಡನೇ ವರ್ಷ ಒಂದು ಅಂತರ ಕಾಲೇಜು ಸ್ಪರ್ಧೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೋಡಿದೆ. ಅಲ್ಲಿಂದ ಈಚೆಗೆ ಓದಿ, ಕೇಳಿ, ಕಣ್ಣಾರೆ ಕಂಡು ತಿದ್ದಿಕೊಂಡ ತಪ್ಪು ಕಲ್ಪನೆಗಳು ಇವು. ಹೆಚ್ಚಿನವು ನನ್ನವೇ.

ತಪ್ಪು ಕಲ್ಪನೆ: ಕತ್ತಿ ಅಂದಮೇಲೆ ಗಾಯ, ರಕ್ತ ಇದ್ದದ್ದೇ.

ವಾಸ್ತವ: ಈ ಕತ್ತಿಗೆ ಬಾಯಿಯೇ ಇಲ್ಲ. ತರಕಾರಿ ಹೆಚ್ಚಲೂ ಬಾರದು. ಈ ಆಟದ ಕತ್ತಿ ಮೂರು ಬಗೆ: ಫಾಯಿಲ್, ಸೇಬರ್, ಎಪೇ. ಮಗಳು ಆಡುವ ಫಾಯಿಲ್‌ನ ತುದಿಯಲ್ಲಿ ಪುಟ್ಟ ಗುಂಡಿಯೊಂದು ಇರುತ್ತದೆ, ಅದರ ಕೆಳಗೆ ಸ್ಪ್ರಿಂಗ್. ಎದುರಾಳಿಯ ಮೈಗೆ ತಾಗಿ ಆ ಗುಂಡಿ ಒಳಕ್ಕೆ ಹೋದರೆ ಯಂತ್ರದಲ್ಲಿ ದೀಪ ಹತ್ತುತ್ತದೆ. ಅಲಗು ಬಿಲ್ಲಿನ ಹಾಗೆ ಬಾಗುತ್ತದೆ, ಬಾಗಲೆಂದೇ ಮಾಡಿದ್ದು.

ಹಾಗಂತ ಅಪಾಯ ಎಂದೂ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 1982ರಲ್ಲಿ ರೋಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುವಾಗ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಎದುರಾಳಿಯ ಮುರಿದ ಅಲಗು ಮುಖವಾಡದ ಜಾಲರಿಯನ್ನು ತೂರಿ ಬಂದದ್ದರಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಎರಡು ವರ್ಷದ ಹಿಂದಷ್ಟೇ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಫಾಯಿಲ್ ಚಿನ್ನ ಗೆದ್ದಿದ್ದವರು ಅವರು. ಇವತ್ತು ನಮ್ಮ ಮಕ್ಕಳು ತೊಡುವ ಕವಚದ ಹಿಂದೆ ಆ ಒಂದು ಸಾವು ಇದೆ. ಅದಾದ ಮೇಲೆ ಮುಖವಾಡದ ಜಾಲರಿ ಗಟ್ಟಿಯಾಯಿತು, ಸುಲಭಕ್ಕೆ ಮುರಿಯದ ಮಾರೇಜಿಂಗ್ ಉಕ್ಕಿನ ಅಲಗುಗಳು ಬಂದವು, ಬಟ್ಟೆಗೆ ಅಳತೆಗಳು ನಿಗದಿಯಾದವು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಜಾಕೆಟ್ 800 ನ್ಯೂಟನ್ ಒತ್ತಡ ತಡೆಯಬೇಕು, ಮುಖವಾಡದ ಕೆಳಗೆ ಗಂಟಲು ಮುಚ್ಚುವ ಬಟ್ಟೆ 1600 ನ್ಯೂಟನ್. ಕತ್ತಿ ಹಿಡಿಯುವ ಕೈಯ ಕಂಕುಳಿಗೆ ಜಾಕೆಟ್ಟಿನ ಒಳಗೆ ಇನ್ನೊಂದು ರಕ್ಷಣೆಯ ಬಟ್ಟೆ. ಹುಡುಗಿಯರಿಗೆ ಎದೆಗವಚ ಕಡ್ಡಾಯ.

ಮಗಳು ಮನೆಗೆ ತಂದ ಗಾಯಗಳ ಪಟ್ಟಿ ನನ್ನ ಹತ್ತಿರ ಇದೆ: ಎರಡು ಸಲ ಉಳುಕಿದ ಹಿಮ್ಮಡಿಗಂಟು, ತೊಡೆಯ ಒಳಭಾಗದ ಸೆಳೆತ, ಒಂದೆರಡು ನೀಲಿ ಕಲೆ. ಹೆಚ್ಚಿನವು ಕಾಲಿನವೇ. ಅದು ಯಾಕೆ ಅನ್ನುವುದು ಮುಂದಿನ ಮಾತು.

ತಪ್ಪು ಕಲ್ಪನೆ: ಕೈಯಲ್ಲಿ ಬಲ ಇದ್ದವರು ಗೆಲ್ಲುತ್ತಾರೆ.

ವಾಸ್ತವ: ಫಾಯಿಲ್ ಮತ್ತು ಸೇಬರ್ ಎರಡೂ 500 ಗ್ರಾಂ ಮೀರುವಂತಿಲ್ಲ. ಮೂರರಲ್ಲಿ ಭಾರದ್ದಾದ ಎಪೇ ಕೂಡ 770 ಗ್ರಾಂ ಒಳಗೇ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು ತೂಕ ಎತ್ತಲು ಯಾವ ತೋಳ್ಬಲವೂ ಬೇಡ.

ಸೇರಿದ ಮೊದಲ ಎರಡು ತಿಂಗಳು ಅವಳ ಕೈಗೆ ಕತ್ತಿಯನ್ನೇ ಕೊಡಲಿಲ್ಲ. ಮುಂದೆ ಹೆಜ್ಜೆ, ಹಿಂದೆ ಹೆಜ್ಜೆ, ಮಂಡಿ ಬಗ್ಗಿಸಿ ನಿಲ್ಲು, ಮುಂಗಾಲು ಚಾಚಿ ಎರಗು, ಮತ್ತೆ ಹಿಂದಕ್ಕೆ ಬಾ. ಅಷ್ಟೇ. ಫೀಸು ಕಟ್ಟಿದ್ದು ಇದಕ್ಕಾ ಅಂತ ನನಗೆ ಅನ್ನಿಸಿತ್ತು. ಪಂದ್ಯ ಆಡುವ ಪಟ್ಟಿ 14 ಮೀಟರ್ ಉದ್ದ, ಅಗಲ ಒಂದೂವರೆಯಿಂದ ಎರಡು ಮೀಟರ್. ನಮ್ಮ ತಾರಸಿ ಅದರ ಅರ್ಧ ಉದ್ದವೂ ಇಲ್ಲ. ಆದರೂ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ನೀರಿನ ಟ್ಯಾಂಕಿನಿಂದ ಬಟ್ಟೆ ಒಣಗಿಸುವ ತಂತಿಯವರೆಗೆ ದಿನಾ ಬೆಳಿಗ್ಗೆ ಹೋಗಿ ಬರುತ್ತಿದ್ದಳು. ಕೆಳಗಿನ ಅಜ್ಜಿ ಧಡ್ ಧಡ್ ಸದ್ದು ಕೇಳಿ, ಮೇಲೆ ಒನಕೆ ಕುಟ್ಟುತ್ತಿದ್ದೀರಾ ಅಂತ ವಿಚಾರಿಸಿದ್ದರು.

ಸ್ಪರ್ಧೆಯ ದಿನ ನನಗೆ ಕಾಲಿನ ಆ ಅಭ್ಯಾಸದ ಅರ್ಥವಾಯಿತು. ತನಗಿಂತ ಗೇಣುದ್ದ ಎತ್ತರ ಇದ್ದ ಹುಡುಗಿಯ ಎದುರು ಮಗಳು ನಿಂತಿದ್ದಳು. ಆ ಹುಡುಗಿ ಎರಗಿದಾಗಲೆಲ್ಲ ಇವಳು ಒಂದೇ ಒಂದು ಹೆಜ್ಜೆ ಹಿಂದಿರುತ್ತಿದ್ದಳು, ತುದಿ ಎದೆಯಿಂದ ನಾಲ್ಕು ಬೆರಳು ಈಚೆಗೆ ನಿಲ್ಲುತ್ತಿತ್ತು. ಅವಳ ಕಾಲು ಮರಳುವ ಮೊದಲೇ ಇವಳ ಕಾಲು ಮುಂದೆ. ಕೈ ಮಾಡಿದ್ದು ಕೊನೆಯ ಕೆಲಸ ಮಾತ್ರ. ನಡುವೆ ಎಷ್ಟು ಜಾಗ ಇರಬೇಕು ಅನ್ನುವುದರ ಜಗಳ ಅದು, ಆ ಜಗಳವನ್ನು ಆಡುವುದು ಕಾಲು.

ತಪ್ಪು ಕಲ್ಪನೆ: ಸಿನಿಮಾದ ಹಾಗೆ ಖಣ ಖಣ ಅಂತ ಬಹಳ ಹೊತ್ತು ನಡೆಯುತ್ತದೆ.

ವಾಸ್ತವ: ನಮ್ಮ ತಲೆಮಾರಿಗೆ ಕತ್ತಿ ಕಾಳಗ ಅಂದರೆ ರಾಜ್‌ಕುಮಾರ್. 1960ರ 'ರಣಧೀರ ಕಂಠೀರವ', 1975ರ 'ಮಯೂರ'. ಅವನ್ನು ಇವತ್ತೂ ಕಣ್ಣು ಮಿಟುಕಿಸದೆ ನೋಡುತ್ತೇನೆ. ಆದರೆ ತೆರೆಯ ಮೇಲೆ ಇಬ್ಬರೂ ಒಬ್ಬರ ಕತ್ತಿಗೆ ಇನ್ನೊಬ್ಬರು ಹೊಡೆಯುತ್ತಾರೆ, ನಮಗೆ ಕಾಣಲಿ, ಕೇಳಲಿ ಅಂತ. ಪಂದ್ಯದಲ್ಲಿ ಗುರಿ ಕತ್ತಿಯ ಮೇಲಿರುವುದಿಲ್ಲ, ಮೈಮೇಲೆ ಇರುತ್ತದೆ. ಫಾಯಿಲ್‌ಗೆ ಮುಂಡ ಮಾತ್ರ ಗುರಿ, ಸೇಬರ್‌ಗೆ ಸೊಂಟದಿಂದ ಮೇಲೆ, ಎಪೇಗೆ ನೆತ್ತಿಯಿಂದ ಕಾಲ್ಬೆರಳವರೆಗೆ ಇಡೀ ದೇಹ. ತುದಿ ಮುಟ್ಟುವುದು ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ 1936ರ ಒಲಿಂಪಿಕ್ಸ್‌ನಿಂದ ಎಪೇಗೆ ವಿದ್ಯುತ್ ಯಂತ್ರ ಬಂತು, 1956ರಲ್ಲಿ ಫಾಯಿಲ್‌ಗೆ, ಸೇಬರ್‌ಗೆ 1992ರಷ್ಟು ತಡವಾಗಿ. ಮಕ್ಕಳ ಬೆನ್ನ ಹಿಂದೆ ಕಟ್ಟಿರುವ ವೈರು ಆ ಯಂತ್ರದ್ದೇ.

ಪ್ರತಿ ಪಂದ್ಯಕ್ಕೂ ಮೊದಲು ರೆಫರಿ ಫಾಯಿಲ್ ಅನ್ನು ನೆಟ್ಟಗೆ ನಿಲ್ಲಿಸಿ, ತುದಿಯ ಮೇಲೆ 500 ಗ್ರಾಂ ತೂಕದ ಲೋಹದ ಬಿಲ್ಲೆ ಇಡುತ್ತಾರೆ. ಸ್ಪ್ರಿಂಗ್ ಅದನ್ನು ಹೊತ್ತು ಮೇಲೆತ್ತಬೇಕು. ಎತ್ತದಿದ್ದರೆ ಆ ಕತ್ತಿ ಪಕ್ಕಕ್ಕೆ, ಇನ್ನೊಂದು ತರಬೇಕು. ಆ ಒಂದು ಗಳಿಗೆ ಮಗಳ ಮುಖ ನೋಡಲು ನನಗೆ ಆಗುವುದಿಲ್ಲ. ಹಿಂದಿನ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ತುದಿ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ್ದು ಅವಳೇ.

ತಪ್ಪು ಕಲ್ಪನೆ: ಇಬ್ಬರ ದೀಪವೂ ಹತ್ತಿತು, ಪಾಯಿಂಟು ಮಾತ್ರ ಒಬ್ಬರಿಗೆ. ರೆಫರಿ ಮೋಸ ಮಾಡಿದರು.

ವಾಸ್ತವ: ಇದನ್ನು ನಾನು ಗ್ಯಾಲರಿಯಲ್ಲಿ ಗಟ್ಟಿಯಾಗಿಯೇ ಹೇಳಿದ್ದೆ. ಪಕ್ಕದಲ್ಲಿದ್ದ ಸೀನಿಯರ್ ಹುಡುಗನೊಬ್ಬ ತಾಳ್ಮೆಯಿಂದ "ಆಂಟಿ, ಸ್ವಲ್ಪ ಹೇಳ್ತೀನಿ" ಅಂತ ಬಿಡಿಸಿ ಹೇಳಿದ.

ಫಾಯಿಲ್ ಮತ್ತು ಸೇಬರ್‌ನಲ್ಲಿ ದಾಳಿಗೆ ಒಂದು ಸರದಿ ಇದೆ. ಮೊದಲು ಕೈ ಚಾಚಿ ಮುನ್ನುಗ್ಗಿದವರಿಗೆ ಆ ಗಳಿಗೆಯ ಹಕ್ಕು. ಎದುರಿನವರು ಮೊದಲು ಆ ಅಲಗನ್ನು ತಡೆಯಬೇಕು, ಇಲ್ಲವೇ ತಪ್ಪಿಸಿಕೊಳ್ಳಬೇಕು. ತಡೆದ ತಕ್ಷಣ ಹಕ್ಕು ಅವರದಾಗುತ್ತದೆ, ಆಗ ಅವರು ತಿರುಗಿ ಹೊಡೆಯಬಹುದು. ತಡೆಯದೆ ತಾನೂ ಚುಚ್ಚಿದರೆ ದೀಪ ಹತ್ತಬಹುದು, ಪಾಯಿಂಟು ಬರುವುದಿಲ್ಲ. ಹರಿತವಾದ ಕತ್ತಿಗಳ ಕಾಲದ ವಿವೇಕ ಇದರಲ್ಲಿದೆ ಅಂತ ಆ ಹುಡುಗ ಹೇಳಿದ: ನಿಜವಾದ ಮೊನೆ ಎದೆಗೆ ಬರುತ್ತಿರುವಾಗ ಬುದ್ಧಿ ಇರುವವರು ಮೊದಲು ತಮ್ಮ ಜೀವ ಉಳಿಸಿಕೊಳ್ಳುತ್ತಾರೆ, ನೀನೂ ಸತ್ತು ಅವನನ್ನೂ ಕೊಂದರೆ ಗೆದ್ದವರು ಯಾರು? ಎಪೇಯಲ್ಲಿ ಮಾತ್ರ ಈ ಸರದಿ ಇಲ್ಲ. ಅಲ್ಲಿ ಮೊದಲು ಮುಟ್ಟಿದವರಿಗೇ ಪಾಯಿಂಟು. ಸೆಕೆಂಡಿನ 25ನೇ ಒಂದು ಭಾಗದೊಳಗೆ ಇಬ್ಬರೂ ಮುಟ್ಟಿದರೆ ಇಬ್ಬರಿಗೂ ಒಂದೊಂದು.

ಫಾಯಿಲ್‌ನಲ್ಲಿ ಬಿಳಿ ದೀಪ ಅಂತ ಇನ್ನೊಂದಿದೆ. ತಾಗಿದ್ದು ನಿಜ, ಆದರೆ ತೋಳಿಗೋ ಕಾಲಿಗೋ ತಾಗಿದೆ ಅಂತ ಅದರ ಅರ್ಥ. ಆಟ ನಿಲ್ಲುತ್ತದೆ, ಯಾರಿಗೂ ಏನೂ ಸಿಗುವುದಿಲ್ಲ.

ತಪ್ಪು ಕಲ್ಪನೆ: ಫೆನ್ಸಿಂಗ್ ಅಂದರೆ ಬೇಲಿ ಹಾಕುವುದು.

ವಾಸ್ತವ: ಬೇಲಿಯ 'ಫೆನ್ಸ್', ಈ ಆಟದ ಇಂಗ್ಲಿಷ್ ಹೆಸರಾದ 'ಫೆನ್ಸಿಂಗ್', ಎರಡೂ ಒಂದೇ ಬೇರಿನ ಮಾತು. ರಕ್ಷಣೆ ಎಂಬರ್ಥದ 'ಡಿಫೆನ್ಸ್' ಮೊಟಕಾಗಿ 'ಫೆನ್ಸ್' ಆಯಿತು, ತೋಟ ಕಾಯುವುದಕ್ಕೂ ಮೈ ಕಾಯುವುದಕ್ಕೂ ಬಂತು. ನಮ್ಮ 'ಕತ್ತಿವರಸೆ' ಇದಕ್ಕಿಂತ ಚೆಂದದ ಪದ. ವರಸೆ ಅಂದರೆ ಪಟ್ಟು, ಕ್ರಮ. ಅಲ್ಲಿ ಕೋಪಕ್ಕೆ ಜಾಗವಿಲ್ಲ.

ತಪ್ಪು ಕಲ್ಪನೆ: ಇದು ವಿದೇಶಿ ಆಟ, ನಮಗೂ ಕತ್ತಿವಿದ್ಯೆಗೂ ಸಂಬಂಧವಿಲ್ಲ. (ಇಲ್ಲವೇ ಇದರ ತಿರುವುಮುರುವು: ಇದೆಲ್ಲ ನಮ್ಮಲ್ಲಿಂದಲೇ ಹೋದದ್ದು.)

ವಾಸ್ತವ: ಎರಡೂ ಸರಿಯಲ್ಲ. ಈ ಪಂದ್ಯದ ನಿಯಮಗಳು ಯುರೋಪಿನವು. ಅಂತರರಾಷ್ಟ್ರೀಯ ಒಕ್ಕೂಟ 1913ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಇವತ್ತಿಗೂ ಬೆಂಗಳೂರಿನ ರೆಫರಿ 'ಆಂಗಾರ್ಡ್, ಪ್ರೇ, ಅಲೇ' ಅಂತ ಫ್ರೆಂಚಿನಲ್ಲೇ ಕೂಗುತ್ತಾರೆ. ಅದನ್ನು ನಮ್ಮದು ಅಂತ ಹೇಳಿಕೊಳ್ಳಬೇಕಾದ ಅಗತ್ಯವಿಲ್ಲ.

ನಮ್ಮದು ಬೇರೆಯೇ ಇದೆ, ಅದು ದೊಡ್ಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ವಿನೋದಗಳ ಸಾಲಿನಲ್ಲೇ ಶಸ್ತ್ರವಿನೋದವೂ ಅಂಕವಿನೋದವೂ ಇವೆ. ಅಂಕಕಾರ ಅಂದರೆ ದ್ವಂದ್ವ ಕಾದುವವನು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವರ್ತಕ ನ್ಯೂನಿಜ್, ಅಲ್ಲಿ ದ್ವಂದ್ವಕ್ಕೆ ಅನುಮತಿ ಪಡೆದು ಕಾದುತ್ತಿದ್ದರು ಅಂತ 16ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ತುಳುನಾಡಿನ ಗರಡಿಗಳಲ್ಲಿ ಕೋಟಿ ಚೆನ್ನಯರ ಹೆಸರಿನಲ್ಲಿ ಇಂದಿಗೂ ಕತ್ತಿಗೆ ಪೂಜೆ ನಡೆಯುತ್ತದೆ. ಅಷ್ಟು ದೂರವೂ ಬೇಡ. ನಮ್ಮ ದಕ್ಷಿಣ ಬೆಂಗಳೂರಿನದೇ ಆದ ಬೇಗೂರಿನಲ್ಲಿ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ 'ಬೆಂಗಳೂರು ಕಾಳಗ'ದ ಮಾತಿದೆ. ಈ ಊರಿನ ಹೆಸರು ಕಲ್ಲಿನಲ್ಲಿ ಅಷ್ಟು ಹಿಂದೆ ಕಾಣಿಸುವುದೇ ಒಂದು ಕಾಳಗದ ಜೊತೆಗೆ. ನಾಡಿನ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಗುರಾಣಿ ಹಿಡಿದು, ಮುಂಗಾಲು ಬಗ್ಗಿಸಿ ನಿಂತ ವೀರರನ್ನು ನೋಡಿ. ತಾರಸಿಯ ಮೇಲೆ ಮಗಳ ನಿಲುವು ನೋಡಿದ ಮೇಲೆ ನನಗೆ ಆ ಕಲ್ಲುಗಳು ಬೇರೆಯಾಗಿ ಕಾಣುತ್ತವೆ.

ಒಂದನ್ನು ಕಲಿತರೆ ಇನ್ನೊಂದನ್ನು ಬಿಡಬೇಕಾಗಿಯೂ ಇಲ್ಲ. 2022ರ ಏಪ್ರಿಲ್–ಮೇ ತಿಂಗಳಲ್ಲಿ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಮ್ಮ ಊರಿನಲ್ಲೇ ನಡೆದಾಗ ಕತ್ತಿವರಸೆಯೂ ಇತ್ತು, ಮಲ್ಲಕಂಬವೂ ಇತ್ತು. ಅದೇ ವರ್ಷ ಪಂಚಕುಲಾದ ಯುವ ಕ್ರೀಡಾಕೂಟದಲ್ಲಿ ಕಳರಿಪಯಟ್ಟು, ಗಟ್ಕಾ, ಥಾಂಗ್-ತಾ ಸೇರಿದವು. ಗರಡಿಮನೆಗೂ ಇಂಥದ್ದೇ ಒಂದು ಪಟ್ಟಿ, ಅಳತೆ, ಅಂಕದ ಲೆಕ್ಕ ಯಾರಾದರೂ ಕೂತು ಮಾಡಿಕೊಟ್ಟರೆ ಎಷ್ಟು ಒಳ್ಳೆಯದು.

ತಪ್ಪು ಕಲ್ಪನೆ: ಹುಡುಗಿಯರಿಗೆ ಅಲ್ಲ.

ವಾಸ್ತವ: ಅಜ್ಜಿಗೆ ನಾನು ಭವಾನಿ ದೇವಿಯ ಕಥೆ ಹೇಳಿದೆ. ಚೆನ್ನೈನ ಹುಡುಗಿ. 2004ರಲ್ಲಿ ಶಾಲೆಯಲ್ಲಿ ಶುರು ಮಾಡಿದಾಗ ವಿದ್ಯುತ್ ಕತ್ತಿ ಎಲ್ಲಿಂದ ಬರಬೇಕು, ಬಿದಿರು ಕೋಲಿನಲ್ಲೇ ಅಭ್ಯಾಸ. ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯ ಕತ್ತಿವರಸೆಗಾರ್ತಿ ಆದಳು. 'ಗಾರ' ಅಂತ ಹುಡುಕಿದರೂ ಅವಳಿಗಿಂತ ಮೊದಲು ಯಾರೂ ಇಲ್ಲ. 2021ರ ಜುಲೈನಲ್ಲಿ ಟುನೀಷಿಯಾದ ಎದುರಾಳಿಯನ್ನು 15–3ರಿಂದ ಸೋಲಿಸಿ, ಮುಂದಿನದರಲ್ಲಿ ಫ್ರಾನ್ಸಿನ ಮನೋನ್ ಬ್ರೂನೆಗೆ 7–15ರಿಂದ ಸೋತಳು. 2023ರಲ್ಲಿ ಚೀನಾದ ವುಶಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕಂಚು ಗೆದ್ದಳು, ಅದೂ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಮಿಸಾಕಿ ಎಮುರಾ ಅವರನ್ನು 15–10ರಿಂದ ಸೋಲಿಸಿ.

ಅಜ್ಜಿಯ ಪ್ರಶ್ನೆ ನಮ್ಮ ಬೀದಿಯದಷ್ಟೇ ಅಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಫಾಯಿಲ್ 1924ರಲ್ಲೇ ಸಿಕ್ಕಿತು, ಎಪೇಗೆ 1996ರವರೆಗೆ, ಸೇಬರ್‌ಗೆ 2004ರವರೆಗೆ ಕಾಯಬೇಕಾಯಿತು.

ತಪ್ಪು ಕಲ್ಪನೆ: ಶ್ರೀಮಂತರ ಆಟ.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ. ಪೂರ್ತಿ ಕಿಟ್ ಒಂದೇ ಸಲಕ್ಕೆ ಕೊಳ್ಳುವುದು ನಮ್ಮಂಥ ಮನೆಗೆ ಕಷ್ಟವೇ, ಅಲಗು ಮುರಿದರೆ ಮತ್ತೆ ಖರ್ಚು. ಕ್ಲಬ್ಬುಗಳು ನಡೆಯುವುದು ಹಂಚಿಕೊಂಡು. ಮಗಳ ಸ್ವಂತದ್ದು ಗ್ಲೌಸು, ಎದೆಗವಚ, ಒಂದು ಫಾಯಿಲ್. ಮುಖವಾಡ, ಜಾಕೆಟ್, ವೈರು ಕ್ಲಬ್ಬಿನದು. ಪಂದ್ಯ ಮುಗಿಸಿದವಳು ಬೆವರಿಗೆ ಒದ್ದೆಯಾದ ಜಾಕೆಟ್ ಕಳಚಿ ಮುಂದಿನವಳಿಗೆ ಕೊಡುತ್ತಾಳೆ. ಕಾಲೇಜುಗಳು ಮನಸ್ಸು ಮಾಡಿ ಹತ್ತು ಕಿಟ್ ಕೊಂಡಿಟ್ಟರೆ ಮೂವತ್ತು ಮಕ್ಕಳು ಕಲಿಯಬಹುದು.

ತಪ್ಪು ಕಲ್ಪನೆ: ಒಂದು ಸಲ ಸೋತರೆ ಮುಗಿಯಿತು.

ವಾಸ್ತವ: ಮೊದಲ ಸುತ್ತಿನಲ್ಲಿ ಆರೇಳು ಮಂದಿಯ ಗುಂಪು ಮಾಡಿ ಪ್ರತಿಯೊಬ್ಬರನ್ನೂ ಪ್ರತಿಯೊಬ್ಬರೊಡನೆ ಆಡಿಸುತ್ತಾರೆ. ಏಳು ಮಂದಿ ಇದ್ದರೆ 21 ಪಂದ್ಯ, ಒಬ್ಬೊಬ್ಬರಿಗೆ ಆರು. ಒಂದೊಂದೂ ಐದು ಪಾಯಿಂಟಿಗೆ, ಹೆಚ್ಚೆಂದರೆ ಮೂರು ನಿಮಿಷ. ಆಮೇಲೆ 15 ಪಾಯಿಂಟಿನ ನಾಕೌಟ್. ಅಲ್ಲಿ ಯಾರಿಗೆ ಯಾರು ಎದುರು ಅನ್ನುವುದನ್ನು ಈ ಗುಂಪಿನ ಲೆಕ್ಕವೇ ತೀರ್ಮಾನಿಸುತ್ತದೆ: ಮೊದಲು ಎಷ್ಟು ಗೆಲುವು, ಅದು ಸಮವಾದರೆ ಹೊಡೆದ ಪಾಯಿಂಟುಗಳಿಂದ ತಿಂದ ಪಾಯಿಂಟುಗಳನ್ನು ಕಳೆದು ಉಳಿದದ್ದು. ಅಂದರೆ 4–5ರಿಂದ ಸೋಲುವುದಕ್ಕೂ 0–5ರಿಂದ ಸೋಲುವುದಕ್ಕೂ ಬಹಳ ವ್ಯತ್ಯಾಸ.

ಆ ದಿನ ಮಗಳು ಎರಡು ಗೆದ್ದು ನಾಲ್ಕು ಸೋತಳು. ಹೊಡೆದದ್ದು 22, ತಿಂದದ್ದು 25. ಅವಳಷ್ಟೇ ಗೆದ್ದಿದ್ದ ಇನ್ನೊಬ್ಬಳ ಲೆಕ್ಕ ಮೈನಸ್ ಒಂಬತ್ತು. ಸೋತ ಪಂದ್ಯಗಳಲ್ಲಿ ಬಿಡದೆ ಹೊಡೆದ ಆ ಪಾಯಿಂಟುಗಳಿಂದ ಇವಳು ಪಟ್ಟಿಯಲ್ಲಿ ಮೇಲೆ ಬಂದಳು. ನಾಕೌಟ್‌ನ ಮೊದಲ ಪಂದ್ಯದಲ್ಲಿ 11–15ರಿಂದ ಸೋತಳು. ಮುಖವಾಡ ತೆಗೆದು, ಕತ್ತಿ ಎತ್ತಿ ಎದುರಾಳಿಗೂ ರೆಫರಿಗೂ ವಂದಿಸಿ, ಕೈ ಕುಲುಕಿ ಬಂದು ಗೋಡೆಗೆ ಒರಗಿ ಕೂತಳು. ನಾನು ನೀರಿನ ಬಾಟಲಿ ಕೊಟ್ಟೆ. ಅವಳು ಹಿಮ್ಮಡಿಗೆ ಸುತ್ತಿದ್ದ ಟೇಪು ಬಿಚ್ಚುತ್ತಾ, ತನ್ನನ್ನು ಸೋಲಿಸಿದ ಹುಡುಗಿಯ ಮುಂದಿನ ಪಂದ್ಯದ ಮೇಲೆ ಕಣ್ಣಿಟ್ಟಿದ್ದಳು. "ಅಮ್ಮ, ಅವಳ ಹಿಂದಿನ ಕಾಲು ನೋಡು" ಅಂದಳು.